ತೆಗೆದ ಹೂಳು ಎಲ್ಲಿಗೆ ಹೋಯಿತು ಅಂತ ಕೇಳಿ

ಮಂಗಳೂರಿನ ಬೆಂಗ್ರೆಯಿಂದ ಪತ್ರ ಬರೆದವರಿಗೆ ನಮಸ್ಕಾರ.

ಹೊಳೆ ಕಡಲು ಸೇರುವ ಅಳಿವೆ ಬಾಗಿಲಲ್ಲಿ ಹೂಳೆತ್ತುವುದು ಸುಮ್ನೆ ದುಡ್ಡು ದಂಡ, ಒಂದು ಮಳೆಗಾಲ ಕಳೆದರೆ ಬೋಟಿನ ತಳ ಮತ್ತೆ ಹೊಯಿಗೆಗೆ, ಅಂದರೆ ಮರಳಿಗೆ, ತಾಗುತ್ತದೆ ಎಂದಿದ್ದೀರಿ. ಹೇಗೂ ತೆಗೆದ ಹೊಯಿಗೆಯನ್ನು ಮನೆ ಕಟ್ಟುವವರಿಗೆ ಮಾರಬಾರದೇ ಅಂತಲೂ ಕೇಳಿದ್ದೀರಿ. ನಿಮ್ಮ ಸಿಟ್ಟು ನ್ಯಾಯವಾದದ್ದೇ. ಅಲೆ ಹೊಡೆಯುವ ಜಾಗದಲ್ಲಿ ಕೂತ ಬೋಟು ಮಗುಚಲು ಎಷ್ಟು ಹೊತ್ತು ಬೇಕು? ಜುಲೈ 31ಕ್ಕೆ ಮೀನುಗಾರಿಕೆಯ ನಿಷೇಧ ಮುಗಿದು ಬೋಟುಗಳು ಕಡಲಿಗೆ ಇಳಿಯುವಾಗ ಮಳೆಗಾಲದ ಹೂಳು ಹಾಗೇ ಬಿದ್ದಿರುತ್ತದೆ.

ಆದರೆ ದಂಡ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ನೇತ್ರಾವತಿ, ಗುರುಪುರ ಎರಡೂ ಹೊಳೆಗಳು ಘಟ್ಟದ ಮಣ್ಣು ಹೊತ್ತು ಅಲ್ಲೇ ಸಮುದ್ರ ಸೇರುತ್ತವೆ. ಕಡಲು ಎದುರಾದ ಕೂಡಲೇ ನೀರಿನ ಓಟ ತಗ್ಗುತ್ತದೆ, ಹೊತ್ತ ಹೊಯಿಗೆ ಕೆಳಗೆ ಕೂರುತ್ತದೆ. ಅತ್ತಲಿಂದ ಅಲೆಗಳೂ ಕಡಲಕರೆಯುದ್ದಕ್ಕೂ ಹೊಯಿಗೆ ತಂದು ಸೇರಿಸುತ್ತವೆ. ಅಂಗಳ ಗುಡಿಸಿದ ಹಾಗೆ ಹೂಳನ್ನು ಎತ್ತುತ್ತಲೇ ಇರಬೇಕು. ಪಣಂಬೂರಿನ ದೊಡ್ಡ ಬಂದರನ್ನೇ ನೋಡಿ. 1974ರಲ್ಲಿ ಶುರುವಾದ ಅದು ದಡವನ್ನೇ ಅಗೆದು ಮಾಡಿದ್ದು. ಅಲ್ಲಿ ಇವತ್ತಿಗೂ ಹೂಳೆತ್ತುತ್ತಾರೆ.

ಯಾವ ಯಂತ್ರ ತರುತ್ತಾರೆ ಎಂಬುದನ್ನು ಮಾತ್ರ ಗಮನಿಸಬೇಕು. ಚಪ್ಪಟೆ ತಳದ ದೋಣಿಯಾದ ಬಾರ್ಜಿನ ಮೇಲೆ ಹಿಟಾಚಿ ನಿಲ್ಲಿಸಿ ಅಗೆಯುವುದು ಬೋಟು ಕಟ್ಟುವ ದಕ್ಕೆಯ ಪಕ್ಕದ ಮೂಲೆಗಳಿಗೆ ಸರಿ. ಅಳಿವೆಯ ಅಲೆಯಲ್ಲಿ ಬಾರ್ಜು ನೆಟ್ಟಗೆ ನಿಲ್ಲುವುದೇ ಕಷ್ಟ. ಹೂಳೆತ್ತುವ ಯಂತ್ರಕ್ಕೆ ಡ್ರೆಜ್ಜರ್ ಅಂತಾರೆ. ಅದರಲ್ಲಿ ಕಟರ್ ಸಕ್ಷನ್ ಡ್ರೆಜ್ಜರ್‌ನ ಮೂತಿಯಲ್ಲಿ ಹಲ್ಲಿರುವ ಉಕ್ಕಿನ ಗುಂಡು ತಿರುಗಿ ತಳ ಕೆದಕುತ್ತದೆ. ಪಂಪು ಆ ಕೆಸರನ್ನು ನೀರಿನ ಜೊತೆ ಎಳೆದು ಪೈಪಿನಲ್ಲಿ ದೂರಕ್ಕೆ ದೂಡುತ್ತದೆ. ಈ ಉಪಾಯ ನಮ್ಮೂರಿಗೆ ಹೊಸದಲ್ಲ, ಅಲ್ವಾ? 2005ರ ಕೊನೆಗೆ ಗಣಿ ನಿಲ್ಲುವವರೆಗೂ ಕುದುರೆಮುಖದ ಅದಿರಿನ ಪುಡಿ ನೀರಿನಲ್ಲಿ ಕಲಸಿಕೊಂಡು 67 ಕಿಲೋಮೀಟರ್ ಪೈಪಿನಲ್ಲಿ ಪಣಂಬೂರಿಗೆ ಇಳಿದು ಬರುತ್ತಿತ್ತು. ಒಡಿಶಾದ ಛತ್ರಪುರದಲ್ಲಂತೂ ಗಣಿಗಾರಿಕೆಯೇ ಡ್ರೆಜ್ಜರ್‌ನಿಂದ. ಖನಿಜ ಬೆರೆತ ಮರಳನ್ನು ಹಾಗೆ ತೆಗೆಯುತ್ತಾರೆ. ಇನ್ನು ಹಾಪರ್ ಡ್ರೆಜ್ಜರ್ ಎಂದರೆ ಹಡಗೇ. ಸಾಗುತ್ತಲೇ ತಳ ಹೀರಿ, ಹೊಟ್ಟೆ ತುಂಬಿದ ಮೇಲೆ ಆಳ ಕಡಲಿಗೆ ಹೋಗಿ ಅಡಿಯ ಬಾಗಿಲು ತೆರೆದು ಸುರಿದು ಬರುತ್ತದೆ. ಆದರೆ ಅದು ತೇಲುವಷ್ಟು ಆಳ ಮೊದಲೇ ಇರಬೇಕು.

ಹೊಯಿಗೆ ಮಾರುವ ವಿಷಯ. ಉಪ್ಪುನೀರಿನ ಹೊಯಿಗೆಯನ್ನು ತೊಳೆಯದೆ ಕಾಂಕ್ರೀಟಿಗೆ ಹಾಕಿದರೆ ಒಳಗಿನ ಕಬ್ಬಿಣ ತುಕ್ಕು ಹಿಡಿಯುತ್ತದೆ. ಅದರ ಬದಲು ಕಡಲ್ಕೊರೆತದಿಂದ ನಲುಗಿದ ಉಳ್ಳಾಲದ ಕಡಲಕರೆಗೆ ಹಾಕಲಿ ಎಂಬುದು ನನ್ನ ಆಸೆ. ಚೊಕ್ಕ ಹೊಯಿಗೆಯಾದರೆ ಮಾತ್ರ. ದಕ್ಕೆಯ ಬುಡದ ಕಪ್ಪು ಕೆಸರು ಬೇರೆಯೇ. ಬೋಟಿನ ಎಣ್ಣೆ, ಮೀನಿನ ಕೊಳೆ ಎಲ್ಲ ಅದರಲ್ಲಿ ಕೂತಿರುತ್ತದೆ. ಅದನ್ನು ಕಲಕಿ ಸಮುದ್ರಕ್ಕೆ ಸುರಿದರೆ ಮೀನಿಗೇ ವಿಷ. ಅಮೆರಿಕದ ಹಡ್ಸನ್ ನದಿಯ ತಳದಲ್ಲಿ ಪಿಸಿಬಿ ಎಂಬ ವಿಷ ಸೇರಿಕೊಂಡಿತ್ತು. 2009ರಿಂದ 2015ರವರೆಗೆ ಆ ಕೆಸರನ್ನು ಬಾಯಿ ಮುಚ್ಚಿಕೊಳ್ಳುವ ಬಕೆಟ್‌ಗಳಿಂದ ಎತ್ತಿದರು. ನೀರು ಬಸಿದು, ರೈಲಿನಲ್ಲಿ ದೂರ ಸಾಗಿಸಿ ನೆಲದಲ್ಲಿ ಹೂತರು. ನಮ್ಮಲ್ಲಿ ಕೆಸರನ್ನು ಎತ್ತುವ ಮೊದಲು ಪರೀಕ್ಷೆಯನ್ನಾದರೂ ಮಾಡಿಸಲಿ.

ಮುಂದಿನ ಸಲ ಡ್ರೆಜ್ಜರ್ ಬಂದಾಗ ನಿಮ್ಮ ಸಂಘದವರು ಹೋಗಿ ಕೇಳಿ. ಕೆಲಸಕ್ಕೆ ಮೊದಲು ಆಳ ಎಷ್ಟಿತ್ತು, ಮುಗಿದ ಮೇಲೆ ಎಷ್ಟಾಯಿತು, ತೆಗೆದದ್ದು ಎಲ್ಲಿ ಬಿತ್ತು? ಬಾಯಿಮಾತು ಬೇಡ, ಬರೆದು ಕೊಡಲಿ. ಆ ಕಾಗದ ಕೈಗೆ ಸಿಕ್ಕಿದರೆ ಒಂದು ಪ್ರತಿ ನಮಗೂ ಕಳಿಸಿ. ಪತ್ರಿಕೆಯಲ್ಲಿ ಹಾಕುತ್ತೇನೆ.

– ಸಂಪಾದಕ