ಮ್ಯಾನೇಜರ್ ದಿಢೀರ್ ಅಂತ ಬಿಟ್ಟು ಹೋದಾಗ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದಿರೋ ಪತ್ರಗಳಲ್ಲಿ ಮುಕ್ಕಾಲು ಪಾಲು ಫುಟ್‌ಬಾಲ್ ಫ್ಯಾನ್‌ಗಳದ್ದೇ, ಎಲ್ಲರದ್ದೂ ಒಂದೇ ಸಂಕಟ, ಮ್ಯಾನೇಜರ್ (ಅಂದ್ರೆ ಟೀಮ್ ನಡೆಸೋ ಮುಖ್ಯ ಕೋಚ್) ಹೇಳದೆ ಕೇಳದೆ ಹೊರಟು ಹೋದ ಅನ್ನೋದು. ಹಾಗಾಗಿ ಈ ಸಂಚಿಕೆಯ ಅಂಕಣ ಪೂರ್ತಿ ಅದಕ್ಕೇ ಇಟ್ಟಿದ್ದೀನಿ.

ಪ್ರಶ್ನೆ: ಸರ್, ನಮ್ಮ ಟೀಮ್ ಮ್ಯಾನೇಜರ್ ಸೀಸನ್ ಮಧ್ಯದಲ್ಲಿ ರಾತ್ರೋರಾತ್ರಿ ಬಿಟ್ಟು ಹೋದ. ಕ್ಲಬ್‌ನವರು ನಾಲ್ಕು ಸಾಲಿನ ಹೇಳಿಕೆ ಕೊಟ್ಟು ಸುಮ್ಮನಾದ್ರು, ಅವನೂ ಬಾಯಿ ಬಿಡ್ತಿಲ್ಲ. ಫ್ರೆಂಡ್ಸ್‌ನಲ್ಲಿ ಅರ್ಧ ಜನ ಅವನನ್ನ ದ್ರೋಹಿ ಅಂತಾರೆ, ಇನ್ನರ್ಧ ಬೋರ್ಡೇ ಓಡಿಸಿದ್ದು ಅಂತಾರೆ. ನಾನು ಯಾರ ಮಾತು ನಂಬ್ಲಿ?

ಉತ್ತರ: ಸದ್ಯಕ್ಕೆ ಯಾರದ್ದೂ ಬೇಡ, ಸ್ವಲ್ಪ ಕಾಯಿರಿ. ಕಾಯೋದು ಎಷ್ಟು ಕಷ್ಟ ಅಂತ ಗೊತ್ತು, ಆದ್ರೆ ಇಂಥ ವಿಷಯದಲ್ಲಿ ಮೊದಲನೇ ವಾರ ಕಿವಿಗೆ ಬೀಳೋ ಕಾರಣ ಅಸಲಿ ಕಾರಣ ಆಗಿರೋದು ತೀರಾ ಅಪರೂಪ.

ಲಿವರ್‌ಪೂಲ್‌ನ ಮ್ಯಾನೇಜರ್ ಆಗಿದ್ದ ಕೆನ್ನಿ ಡಾಲ್ಗ್ಲಿಷ್ ವಿಷಯಾನೇ ತಗೊಳ್ಳಿ. 1991ರ ಫೆಬ್ರವರಿ, ಟೀಮ್ ಲೀಗ್‌ನಲ್ಲಿ ಮೊದಲನೇ ಜಾಗದಲ್ಲಿದೆ, ಹಿಂದಿನ ಸೀಸನ್ ಚಾಂಪಿಯನ್ನೂ ಅವ್ರೇ. 20ನೇ ತಾರೀಖು ಎವರ್ಟನ್ ಮೈದಾನದಲ್ಲಿ ಎಫ್‌ಎ ಕಪ್ (ಇಂಗ್ಲೆಂಡ್‌ನ ನಾಕೌಟ್ ಟೂರ್ನಿ) ರೀಪ್ಲೇ, ಅಂದ್ರೆ ಡ್ರಾ ಆಗಿದ್ದಕ್ಕೆ ಮತ್ತೆ ಆಡೋ ಮ್ಯಾಚ್. ಲಿವರ್‌ಪೂಲ್ ನಾಲ್ಕು ಸಲ ಲೀಡ್ ತಗೊಳ್ತು, ನಾಲ್ಕು ಸಲಾನೂ ಎವರ್ಟನ್ ಸಮ ಮಾಡ್ತು, 4-4. ಅದಾಗಿ ಎರಡು ದಿನಕ್ಕೆ, 22ಕ್ಕೆ, ಡಾಲ್ಗ್ಲಿಷ್ ಪ್ರೆಸ್ ಮೀಟ್‌ನಲ್ಲಿ ಕೂತು ರಾಜೀನಾಮೆ ಕೊಡ್ತಿದೀನಿ ಅಂದ್ರು. ಯಾರಿಗೂ ತಲೆ ಬುಡ ಅರ್ಥ ಆಗ್ಲಿಲ್ಲ. ಒತ್ತಡ ತಡ್ಕೊಳ್ಳೋಕೆ ಆಗ್ತಿಲ್ಲ ಅಂತ ಅವ್ರು ಬಾಯ್ಬಿಟ್ಟು ಹೇಳಿದ್ರೂ ತುಂಬಾ ಜನಕ್ಕೆ ಅದು ಗಂಟಲಲ್ಲಿ ಇಳೀಲಿಲ್ಲ, ಟೇಬಲ್ ಟಾಪ್‌ನಲ್ಲಿರೋ ಟೀಮಿಗೆ ಅದೆಂಥ ಒತ್ತಡ ಅಂತ.

ಆದ್ರೆ ಅದಕ್ಕೆ ಎರಡು ವರ್ಷ ಹಿಂದೆ ಹೋಗಿ. 1989 ಏಪ್ರಿಲ್ 15, ಶೆಫೀಲ್ಡ್‌ನ ಹಿಲ್ಸ್‌ಬರೋ ಸ್ಟೇಡಿಯಂ, ಕಪ್ ಸೆಮಿಫೈನಲ್. ಅವತ್ತಿನ ನೂಕುನುಗ್ಗಲಲ್ಲಿ ಸಿಕ್ಕಿ ಪ್ರಾಣ ಕಳ್ಕೊಂಡ ಲಿವರ್‌ಪೂಲ್ ಫ್ಯಾನ್‌ಗಳು ಒಟ್ಟು 97 ಜನ. ಆ ಕುಟುಂಬಗಳ ಜೊತೆ ನಿಂತಿದ್ದು ಡಾಲ್ಗ್ಲಿಷ್. ಅಂತ್ಯಸಂಸ್ಕಾರಗಳಿಗೆ ಹೋದ್ರು, ಒಂದೇ ದಿನ ನಾಲ್ಕು ಕಡೆ ಹೋಗಿದ್ದೂ ಉಂಟು. ಅಷ್ಟೆಲ್ಲ ದುಃಖ ಎದೇಲಿಟ್ಕೊಂಡು ಮತ್ತೆ ಟೀಮ್ ನಡೆಸಿದ್ರು, 1990ರಲ್ಲಿ ಲೀಗೂ ಗೆಲ್ಸಿದ್ರು, ಹೊರಗಿನವರಿಗೆ ಕಾಣಿಸಿದ್ದು ಆ ಟ್ರೋಫಿ ಮಾತ್ರ. ಆ 4-4 ಮ್ಯಾಚ್‌ನಲ್ಲಿ ಏನಾಯ್ತು ಅಂತ ಅವ್ರೇ ಆಮೇಲೆ ಹೇಳ್ಕೊಂಡಿದಾರೆ, ಡಿಫೆನ್ಸ್ ಗಟ್ಟಿ ಮಾಡೋಕೆ ಮಿಡ್‌ಫೀಲ್ಡ್ ಆಟಗಾರ ಯಾನ್ ಮೋಲ್ಬಿಯನ್ನ ಹಿಂದಕ್ಕೆ ಕಳಿಸ್ಬೇಕು ಅಂತ ಅವ್ರಿಗೆ ಗೊತ್ತಿತ್ತು, ಗೊತ್ತಿದ್ರೂ ಆ ನಿರ್ಧಾರ ತಗೊಳ್ಳೋಕೇ ಆಗ್ಲಿಲ್ಲ. ಇನ್ನೂ 40 ತುಂಬದ ಮನುಷ್ಯ, ಒಳಗಿಂದ ಪೂರ್ತಿ ಸೋತು ಹೋಗಿದ್ರು.

ಹಾಗಂತ ಫ್ಯಾನ್‌ಗಳ ನೋವು ಸುಳ್ಳಾ? ಖಂಡಿತ ಅಲ್ಲ. ಮುಂದಿನ ಲೀಗ್ ಮ್ಯಾಚೇ ಲೂಟನ್ ಮೇಲೆ ಸೋತ್ರು, ಆ ವರ್ಷದ ಟೈಟಲ್ ಆರ್ಸೆನಲ್ ಪಾಲಾಯ್ತು, ಲಿವರ್‌ಪೂಲ್‌ಗೆ ಮತ್ತೆ ಲೀಗ್ ಸಿಕ್ಕಿದ್ದು 2020ರಲ್ಲಿ. ಅದೇ 1991ರ ಅಕ್ಟೋಬರ್‌ನಲ್ಲಿ ಡಾಲ್ಗ್ಲಿಷ್ ಬ್ಲ್ಯಾಕ್‌ಬರ್ನ್ ಸೇರಿದಾಗ, ಸುಸ್ತಾಗಿದೆ ಅಂದವ್ರು ಎಂಟೇ ತಿಂಗಳಿಗೆ ಇನ್ನೊಂದು ಕ್ಲಬ್ ಸೇರೋದಾ ಅಂತ ಉರ್ಕೊಂಡವರ ಕಷ್ಟಾನೂ ನನಗೆ ಅರ್ಥ ಆಗುತ್ತೆ. ಆದ್ರೆ ಮುಂದೆ ಏನಾಯ್ತು ನೋಡಿ, 1995ರ ಮೇನಲ್ಲಿ ಬ್ಲ್ಯಾಕ್‌ಬರ್ನ್ ಲೀಗ್ ಗೆದ್ದಿದ್ದು ಲಿವರ್‌ಪೂಲ್‌ನ ಆನ್‌ಫೀಲ್ಡ್ ಮೈದಾನದಲ್ಲೇ, ಅವತ್ತಿನ ಮ್ಯಾಚ್ ಸೋತ್ರೂ ಮ್ಯಾಂಚೆಸ್ಟರ್ ಯುನೈಟೆಡ್ ಅತ್ತ ಡ್ರಾ ಮಾಡ್ಕೊಂಡಿದ್ರಿಂದ ಟೈಟಲ್ ಇವ್ರಿಗೆ ಬಂತು, ಆಗ ಲಿವರ್‌ಪೂಲ್ ಫ್ಯಾನ್‌ಗಳೇ ಡಾಲ್ಗ್ಲಿಷ್‌ಗೆ ಚಪ್ಪಾಳೆ ತಟ್ಟಿದ್ರು. 2017ರಲ್ಲಿ ಅದೇ ಮೈದಾನದ ಒಂದು ಸ್ಟ್ಯಾಂಡ್‌ಗೆ ಅವ್ರ ಹೆಸರನ್ನೇ ಇಟ್ರು. ಅದಕ್ಕೇ ಹೇಳ್ತಿರೋದು, ಸಿಟ್ಟು ಬಂದ್ರೆ ಬರ್ಲಿ, ದ್ರೋಹಿ ಅನ್ನೋ ಮಾತು ಮಾತ್ರ ಸದ್ಯಕ್ಕೆ ಎತ್ತಿಡಿ.

ಪ್ರಶ್ನೆ: ಕ್ಲಬ್‌ನವರು ಯಾವಾಗ್ಲೂ "ಪರಸ್ಪರ ಒಪ್ಪಿಗೆ ಮೇರೆಗೆ" ಅಂತಾರಲ್ಲ, ಹಾಗಂದ್ರೆ ತೆಗೆದುಹಾಕಿದ್ದೋ ಅವನೇ ಬಿಟ್ಟಿದ್ದೋ?

ಉತ್ತರ: ಎರಡರಲ್ಲಿ ಯಾವುದು ಬೇಕಾದ್ರೂ ಆಗಿರಬಹುದು, ಅದು ಗೊತ್ತಾಗ್ಬಾರದು ಅಂತಾನೇ ಆ ಮಾತು ಹಾಕೋದು. ಲೆಕ್ಕ ಇಷ್ಟೇ. ಕಾಂಟ್ರ್ಯಾಕ್ಟ್ ಉಳಿದಿರುವಾಗ ಕ್ಲಬ್ ತೆಗೆದ್ರೆ ಮ್ಯಾನೇಜರ್‌ಗೆ ಪರಿಹಾರ ಕೊಡ್ಬೇಕು, ಅವನಾಗೇ ಬಿಟ್ರೆ ಸಾಮಾನ್ಯವಾಗಿ ಅವನಿಗೆ ಏನೂ ಸಿಗಲ್ಲ, ಬೇರೆ ಕ್ಲಬ್ ಕರೆಸ್ಕೊಂಡ್ರೆ ಆ ಕ್ಲಬ್ಬು ಹಳೇ ಕ್ಲಬ್‌ಗೆ ದುಡ್ಡು ಕಟ್ಟುತ್ತೆ. ಎರಡೂ ಕಡೆ ಲಾಯರ್‌ಗಳು ಕೂತು ಮಧ್ಯದಲ್ಲಿ ಒಂದು ಮೊತ್ತಕ್ಕೆ ಬರ್ತಾರೆ, ಒಬ್ಬರ ಮೇಲೊಬ್ಬರು ಹೊರಗೆ ಮಾತಾಡಬಾರದು ಅನ್ನೋ ಷರತ್ತೂ ಎಷ್ಟೋ ಸಲ ಸೇರಿರುತ್ತೆ. ನಿಮ್ಮ ಮ್ಯಾನೇಜರ್ ಸುಮ್ಮನಿದಾನೆ ಅಂದ್ರೆ ನಿಮ್ಮ ಮೇಲೆ ಪ್ರೀತಿ ಇಲ್ಲ ಅಂತಲ್ಲ, ಮಾತಾಡೋ ಹಾಗೇ ಇಲ್ಲದಿರಬಹುದು.

ಪ್ರಶ್ನೆ: ನಾನು ಸ್ಕಾಟ್ಲೆಂಡ್‌ನ ಸೆಲ್ಟಿಕ್ ಕ್ಲಬ್ ಫ್ಯಾನ್. ಮ್ಯಾನೇಜರ್ ಬ್ರೆಂಡನ್ ರಾಜರ್ಸ್ ನಮಗೆ ಎರಡು ಸಲ ಕೈ ಕೊಟ್ರು. ಇದಕ್ಕೂ ತಾಳ್ಮೆ ಅಂತೀರಾ?

ಉತ್ತರ: ಇಲ್ಲ, 2019ರ ವಿಷಯದಲ್ಲಿ ನಾನು ನಿಮ್ಮ ಕಡೆಗೇ. ಬಂದ ಮೊದಲ ಸೀಸನ್‌ನಲ್ಲೇ ಸ್ಕಾಟ್ಲೆಂಡ್‌ನಲ್ಲಿ ಒಂದೂ ಮ್ಯಾಚ್ ಸೋಲದೆ ಮೂರೂ ಕಪ್ (ಲೀಗ್, ಲೀಗ್ ಕಪ್, ಸ್ಕಾಟಿಷ್ ಕಪ್) ತಂದುಕೊಟ್ರು, ಮುಂದಿನ ವರ್ಷ ಮತ್ತೆ ಮೂರೂ. ಮೂರನೇ ಸೀಸನ್‌ನಲ್ಲಿ ಲೀಗ್ ಕಪ್ ಆಗ್ಲೇ ಕೈಲಿತ್ತು, ಲೀಗ್‌ನಲ್ಲಿ ಒಳ್ಳೇ ಲೀಡ್ ಇತ್ತು, ಇನ್ನೊಂದು ಮೂರು ತಿಂಗಳು ಕಾದಿದ್ರೆ ಮೂರು ವರ್ಷ ಮೂರೂ ಕಪ್ ಗೆದ್ದ ಮ್ಯಾನೇಜರ್ ಅಂತ ಹೆಸರು ಶಾಶ್ವತ ಆಗ್ತಿತ್ತು. ಫೆಬ್ರವರಿ 26ಕ್ಕೆ ಜೊತೆಗಿದ್ದ ಕೋಚ್‌ಗಳನ್ನೂ ಕರ್ಕೊಂಡು ಇಂಗ್ಲೆಂಡ್‌ನ ಲೆಸ್ಟರ್ ಕ್ಲಬ್‌ಗೆ ಹೋದ್ರು. ಮಾರನೇ ದಿನಾನೇ ಹಾರ್ಟ್ಸ್ ಜೊತೆ ಮ್ಯಾಚ್, ಫ್ಯಾನ್‌ಗಳು ಅಷ್ಟರಲ್ಲೇ ಬ್ಯಾನರ್ ರೆಡಿ ಮಾಡಿದ್ರು, ಅಮರತ್ವ ಮಾರ್ಕೊಂಡು ಸಾಧಾರಣವಾದದ್ದನ್ನ ಕೊಂಡ್ಕೊಂಡೆ ಅನ್ನೋ ಅರ್ಥದ್ದು. ಮಾತು ಖಾರ, ಆದ್ರೆ ಅನ್ಯಾಯದ್ದು ಅಂತ ನನಗೆ ಅನ್ಸಲ್ಲ, ಯಾಕಂದ್ರೆ ಇಲ್ಲಿ ಕಾರಣ ಎಲ್ಲರ ಕಣ್ಣೆದುರಿಗೇ ಇತ್ತು. ನೀಲ್ ಲೆನನ್ ಬಂದು ಉಳಿದ ಎರಡು ಕಪ್ ಗೆಲ್ಸಿದ್ರು ಅನ್ನೋದೇ ಸಮಾಧಾನ.

2025ರದ್ದು ಬೇರೆ ಥರ. 2023ರಲ್ಲಿ ವಾಪಸ್ ಬಂದು ಎರಡು ಲೀಗ್ ಗೆಲ್ಸಿದ್ರು, ಫ್ಯಾನ್‌ಗಳೂ ನಿಧಾನಕ್ಕೆ ಒಪ್ಕೊಂಡ್ರು. ಆಮೇಲೆ ಹೊಸ ಸೀಸನ್ ಶುರುವಾಗೋ ಹೊತ್ತಿಗೆ ಟ್ರಾನ್ಸ್‌ಫರ್ ವಿಂಡೋದಲ್ಲಿ (ಆಟಗಾರರನ್ನ ಕೊಳ್ಳೋಕೆ ಮಾರೋಕೆ ಇರೋ ಅವಧಿ) ಸರಿಯಾದ ಆಟಗಾರರನ್ನ ತರ್ಲಿಲ್ಲ ಅಂತ ಬೋರ್ಡ್ ಮೇಲೆ ಜನ ಕೊತಕೊತ ಕುದೀತಿದ್ರು, ಯುರೋಪಿನ ದೊಡ್ಡ ಕ್ಲಬ್ ಟೂರ್ನಿ ಚಾಂಪಿಯನ್ಸ್ ಲೀಗ್‌ಗೂ ಹೋಗೋಕಾಗ್ಲಿಲ್ಲ. ಅಕ್ಟೋಬರ್ 27ಕ್ಕೆ ರಾಜರ್ಸ್ ರಾಜೀನಾಮೆ ಕೊಟ್ರು, ಅದೇ ರಾತ್ರಿ ಕ್ಲಬ್‌ನ ಅತಿ ದೊಡ್ಡ ಷೇರುದಾರ ಡರ್ಮಟ್ ಡೆಸ್ಮಂಡ್ ಉದ್ದದ ಹೇಳಿಕೆ ಹೊರಡಿಸಿ ಅವ್ರ ಮೇಲೆ ನೇರವಾಗಿ ಹರಿಹಾಯ್ದ್ರು. ಸಾಮಾನ್ಯವಾಗಿ ಕ್ಲಬ್‌ಗಳು ಏನೂ ಹೇಳಲ್ಲ ಅಂತ ಬೇಜಾರು ಮಾಡ್ಕೊಳ್ತೀವಿ, ಇಲ್ಲಿ ಎಲ್ಲಾ ಹೇಳಿದ್ರು, ಆದ್ರೆ ಒಂದೇ ಕಡೆಯವರು ಹೇಳಿದ್ದು. ಹಾಗಾಗಿ ಮೊದಲನೇ ಸಲದ್ದು ಕೈ ಕೊಟ್ಟಿದ್ದು, ಒಪ್ತೀನಿ. ಎರಡನೇ ಸಲ ಯಾರು ಯಾರಿಗೆ ಕೈ ಕೊಟ್ರು ಅನ್ನೋದನ್ನ ಆ ಒಂದು ಹೇಳಿಕೆ ಓದಿ ತೀರ್ಮಾನ ಮಾಡ್ಬೇಡಿ.

ಪ್ರಶ್ನೆ: ಆಟಗಾರರೇ ಬೇಕಂತ ಸರಿಯಾಗಿ ಆಡದೆ ಮ್ಯಾನೇಜರ್‌ನ ಓಡಿಸ್ತಾರೆ. ಅಂಥವರಿಗೆ ಸ್ಟೇಡಿಯಂನಲ್ಲಿ ಬೈದ್ರೆ ತಪ್ಪಾ?

ಉತ್ತರ: ಚೆಲ್ಸಿಯಲ್ಲಿ 2015ರ ಡಿಸೆಂಬರ್‌ನಲ್ಲಿ ಇದೇ ಆಯ್ತು. ಮೇನಲ್ಲಿ ಲೀಗ್ ಗೆದ್ದ ಟೀಮ್ ಡಿಸೆಂಬರ್‌ಗೆ 16ನೇ ಜಾಗಕ್ಕೆ ಬಿದ್ದಿತ್ತು, ಮ್ಯಾನೇಜರ್ ಮೊರಿನ್ಯೋ ಅವ್ರನ್ನ ತೆಗೆದ್ರು, ಎರಡು ದಿನಕ್ಕೆ ಸಂಡರ್‌ಲ್ಯಾಂಡ್ ಜೊತೆ ಮ್ಯಾಚ್. ಫಾಬ್ರೆಗಾಸ್, ಡಿಯೇಗೊ ಕೋಸ್ಟಾ ಹೆಸರು ಬಂದಾಗ ಸ್ವಂತ ಫ್ಯಾನ್‌ಗಳೇ ಬೂ ಅಂದ್ರು, ಮೊರಿನ್ಯೋ ಹೆಸರು ಹಾಡಿದ್ರು. ಚೆಲ್ಸಿ ಅವತ್ತು 3-1ರಲ್ಲಿ ಗೆಲ್ತು, ಗೆದ್ದಿದ್ದಕ್ಕೆ ಸಿಟ್ಟು ಇನ್ನೂ ಜಾಸ್ತಿ ಆಯ್ತು, ಈ ಆಟ ಇಷ್ಟು ದಿನ ಎಲ್ಲಿತ್ತು ಅಂತ. 2017ರಲ್ಲಿ ಲೆಸ್ಟರ್‌ನವರು ರಾನಿಯೇರಿಯನ್ನ, ಲೀಗ್ ಗೆಲ್ಸಿಕೊಟ್ಟು ಒಂಬತ್ತೇ ತಿಂಗಳಿಗೆ, ತೆಗೆದಾಗ್ಲೂ ಹೀಗೇ, ಮುಂದಿನ ಮ್ಯಾಚ್ ಲಿವರ್‌ಪೂಲ್ ಮೇಲೆ 3-1.

ನನ್ನ ಅಭಿಪ್ರಾಯ ಕೇಳಿದ್ರೆ, ಮ್ಯಾಚ್ ಶುರುವಾಗೋಕೆ ಮುಂಚೆ ನಿಮ್ಮ ಅಸಮಾಧಾನ ತೋರಿಸಿ, ಆಟ ಶುರುವಾದ್ಮೇಲೆ 90 ನಿಮಿಷ ಟೀಮ್ ಕಡೆ ನಿಲ್ಲಿ. ಬೇಕಂತ ಸೋತ್ರು ಅನ್ನೋದಕ್ಕೆ ಆಧಾರ ಸಿಗೋದು ತುಂಬಾ ಕಷ್ಟ. ಮ್ಯಾನೇಜರ್ ಮೇಲೆ ನಂಬಿಕೆ ಹೋದ ಆಟಗಾರ ಅರ್ಧ ಹೆಜ್ಜೆ ತಡವಾಗಿ ಓಡ್ತಾನೆ, ಪಾಸ್ ಕೊಡೋಕೆ ಒಂದು ಕ್ಷಣ ಯೋಚಿಸ್ತಾನೆ, ಅದು ಸಂಚೇ ಆಗಿರ್ಬೇಕು ಅಂತೇನಿಲ್ಲ.

ಪ್ರಶ್ನೆ: ಹೊಸಬ ಬಂದ ತಕ್ಷಣ ಎಲ್ಲಾ ಸರಿ ಹೋಗುತ್ತೆ ಅಂತ ಟೀವಿಯಲ್ಲಿ ಹೇಳ್ತಾರೆ. ನಂಬಬಹುದಾ?

ಉತ್ತರ: ಅರ್ಧ ನಂಬಿ. ಕ್ಲಬ್‌ಗಳು ಮ್ಯಾನೇಜರ್‌ನ ತೆಗೆಯೋದೇ ಟೀಮ್ ತೀರಾ ಕೆಳಗೆ ಬಿದ್ದಾಗ, ಅಲ್ಲಿಂದ ಯಾರೇ ಇದ್ರೂ ಸ್ವಲ್ಪ ಮೇಲೆ ಬರ್ಲೇಬೇಕು, ಆ ಹೆಸರು ಹೊಸಬನಿಗೆ ಸಿಗುತ್ತೆ. ನೆದರ್‌ಲ್ಯಾಂಡ್ಸ್ ಲೀಗ್ ಮೇಲೆ ನಡೆದ ಒಂದು ಅಧ್ಯಯನದಲ್ಲೂ ಇದೇ ಕಾಣಿಸಿತ್ತು, ಅಷ್ಟೇ ಕೆಟ್ಟದಾಗಿ ಆಡ್ತಿದ್ರೂ ಮ್ಯಾನೇಜರ್‌ನ ಉಳಿಸ್ಕೊಂಡ ಟೀಮ್‌ಗಳೂ ಹೆಚ್ಚುಕಮ್ಮಿ ಅದೇ ಥರ ಚೇತರಿಸ್ಕೊಂಡಿದ್ವು.

ಟೀಮ್ ಚೆನ್ನಾಗಿರುವಾಗ ಮ್ಯಾನೇಜರ್ ಹೋದ್ರೆ ಹೊಸಬನಿಗೆ ಕಷ್ಟ ಬೇರೆ ಥರದ್ದು. ಯುನೈಟೆಡ್‌ನಲ್ಲಿ ಫರ್ಗುಸನ್ 26 ವರ್ಷ ಇದ್ದು 2013ರಲ್ಲಿ ಹೋದ್ರು, ಆಮೇಲೆ ಬಂದ ಮೋಯ್ಸ್ ಒಂದು ಸೀಸನ್ ಕೂಡ ಮುಗಿಸ್ಲಿಲ್ಲ. ಹಾಗಂತ ಯಾವಾಗ್ಲೂ ಹೀಗೇ ಅಂತಲ್ಲ. 2014ರ ಜುಲೈನಲ್ಲಿ ಇಟಲಿಯ ಯುವೆಂಟಸ್‌ನಿಂದ ಮ್ಯಾನೇಜರ್ ಕೋಂಟೆ ಹೋಗಿದ್ದು ಹೊಸ ಸೀಸನ್ ಪ್ರಾಕ್ಟೀಸ್ ಶುರುವಾದ ಹೊತ್ತಲ್ಲಿ, ಅದಕ್ಕಿಂತ ಕೆಟ್ಟ ಟೈಮ್ ಇಲ್ಲ. ಬದಲಿಗೆ ಬಂದ ಅಲೆಗ್ರಿ ಹಿಂದೆ ಎದುರಾಳಿ ಮಿಲಾನ್‌ನಲ್ಲಿದ್ದವ್ರು ಅಂತ ಫ್ಯಾನ್‌ಗಳು ಟ್ರೇನಿಂಗ್ ಗ್ರೌಂಡ್ ಹತ್ರ ಗಲಾಟೆ ಮಾಡಿದ್ರು, ಬೇಡವೇ ಬೇಡ ಅಂದ್ರು. ಅವ್ರು ಸಾಲಾಗಿ ಐದು ಲೀಗ್ ಗೆದ್ರು, ಎರಡು ಸಲ ಚಾಂಪಿಯನ್ಸ್ ಲೀಗ್ ಫೈನಲ್‌ಗೆ ಕರ್ಕೊಂಡು ಹೋದ್ರು. ಬಂದವನ ತಪ್ಪೇನೂ ಇರಲ್ಲ, ಹೋದವನ ಮೇಲಿನ ಕೋಪ ದಯವಿಟ್ಟು ಅವನ ಮೇಲೆ ತೀರಿಸ್ಕೋಬೇಡಿ.

ಪ್ರಶ್ನೆ: ಮೇಡಂಗಳೂ ಫುಟ್‌ಬಾಲ್ ಪ್ರಶ್ನೆ ಕಳಿಸಬಹುದಲ್ವಾ? ನನ್ನ ಮಗನಿಗೆ ಹತ್ತು ವರ್ಷ, ಅವನ ಟೀಮ್ ಕೋಚ್ ಹೋದ್ರು ಅಂತ ಊಟ ಬಿಟ್ಟು ಕೂತಿದಾನೆ. ಅವರಪ್ಪ ಇದೆಲ್ಲ ಅತಿಯಾಯ್ತು ಅಂತ ರೇಗ್ತಾರೆ.

ಉತ್ತರ: ಧಾರಾಳವಾಗಿ ಕಳಿಸಿ ಮೇಡಂ. ಮಗನಿಗೆ ರೇಗೋದು ಬೇಡ ಅಂತ ಯಜಮಾನರಿಗೆ ನನ್ನ ಪರವಾಗಿ ಹೇಳಿ. 1974ರ ಜುಲೈ 12ಕ್ಕೆ ಮ್ಯಾನೇಜರ್ ಬಿಲ್ ಶಾಂಕ್ಲಿ ಲಿವರ್‌ಪೂಲ್ ಬಿಟ್ಟಾಗ ಒಬ್ಬ ಟೀವಿ ವರದಿಗಾರ ಮೈಕ್ ಹಿಡ್ಕೊಂಡು ಬೀದಿಯಲ್ಲಿ ಹೋಗೋ ಬರೋರಿಗೆ ಸುದ್ದಿ ಹೇಳ್ತಾ ಹೋಗಿದ್ದ ದೃಶ್ಯ ಇವತ್ತಿಗೂ ಇದೆ. ಸುಳ್ಳು ಹೇಳ್ತಿದೀರ ಅಂತ ಹುಡುಗರು ಅವನನ್ನೇ ದಿಟ್ಟಿಸಿ ನೋಡ್ತಾರೆ, ದೊಡ್ಡವರ ಮುಖವೂ ಹಾಗೇ ಬಾಡುತ್ತೆ. ಎರಡು ತಿಂಗಳ ಹಿಂದಷ್ಟೇ ಅವ್ರ ಟೀಮ್ ಎಫ್‌ಎ ಕಪ್ ಗೆದ್ದಿತ್ತು. ಆಟಗಾರರು ಬರ್ತಾರೆ ಹೋಗ್ತಾರೆ, ಓನರ್ ಮುಖ ಯಾರಿಗೂ ಕಾಣಲ್ಲ, ಗೆದ್ರೂ ಸೋತ್ರೂ ವಾರಾವಾರ ಬಂದು ನಮ್ಮ ಜೊತೆ ಮಾತಾಡೋನು ಮ್ಯಾನೇಜರ್ ಒಬ್ಬನೇ, ಅವನು ಮನೆ ಮಂದಿಯಲ್ಲಿ ಒಬ್ಬನ ಥರ ಆಗ್ಬಿಟ್ಟಿರ್ತಾನೆ. ಹುಡುಗನ ಜೊತೆ ಕೂತು ಆ ಕೋಚ್ ಬಗ್ಗೆ ಅವನಿಗೆ ಏನಿಷ್ಟ ಅಂತ ಕೇಳಿ, ಹೇಳ್ತಾ ಹೇಳ್ತಾ ಊಟನೂ ಮಾಡ್ತಾನೆ. ಶಾಂಕ್ಲಿ ಜಾಗಕ್ಕೆ ಬಂದ ಬಾಬ್ ಪೈಸ್ಲಿ ಆರು ಲೀಗ್, ಮೂರು ಯುರೋಪಿಯನ್ ಕಪ್ (ಈಗಿನ ಚಾಂಪಿಯನ್ಸ್ ಲೀಗ್) ಗೆದ್ರು ಅಂತ ಕೊನೆಗೆ ಹೇಳಿ, ಮೊದಲೇ ಹೇಳ್ಬೇಡಿ, ಈಗ ಅವನಿಗೆ ಬೇಕಿರೋದು ಹೊಸಬನ ಸುದ್ದಿ ಅಲ್ಲ.

ಪ್ರಶ್ನೆ: ಹಾಗಾದ್ರೆ ಮ್ಯಾನೇಜರ್ ಫ್ಯಾನ್‌ಗಳಿಗೆ ಏನೂ ಬಾಕಿ ಇಲ್ವಾ? ಬೇಕಾದಾಗ ಎದ್ದು ಹೋಗಬಹುದಾ?

ಉತ್ತರ: ಎದ್ದು ಹೋಗೋ ಹಕ್ಕಿದೆ, ಯಾಕೆ ಅಂತ ಹೇಳೋ ಬಾಕಿಯೂ ಇದೆ ಅಂತ ನಾನು ನಂಬಿದೀನಿ. ಜಿದಾನ್ 2018ರಲ್ಲಿ ಸತತ ಮೂರನೇ ಚಾಂಪಿಯನ್ಸ್ ಲೀಗ್ ಗೆದ್ದು ಐದೇ ದಿನಕ್ಕೆ ರಿಯಲ್ ಮ್ಯಾಡ್ರಿಡ್ ಬಿಟ್ರು, ಆದ್ರೆ ಕ್ಲಬ್ ಅಧ್ಯಕ್ಷರ ಪಕ್ಕದಲ್ಲೇ ಕೂತು, ಈ ಟೀಮಿಗೆ ಬದಲಾವಣೆ ಬೇಕು ಅಂತ ಎದುರೆದುರೇ ಹೇಳಿ ಹೋದ್ರು. 2019ರ ಮಾರ್ಚ್‌ನಲ್ಲಿ ಕರೆದಾಗ ವಾಪಸ್ ಬಂದು 2020ರಲ್ಲಿ ಲೀಗ್ ಗೆಲ್ಸಿದ್ರು. 2021ರಲ್ಲಿ ಮತ್ತೆ ಬಿಟ್ಟಾಗ ಫ್ಯಾನ್‌ಗಳಿಗೆ ಅಂತಾನೇ ಪತ್ರಿಕೆಯಲ್ಲಿ ಒಂದು ಪತ್ರ ಬರೆದ್ರು, ಕ್ಲಬ್ ತನ್ನ ಮೇಲೆ ಮೊದಲಿನ ನಂಬಿಕೆ ಇಟ್ಟಿಲ್ಲ ಅನ್ಸಿದ್ದಕ್ಕೆ ಹೋಗ್ತಿದೀನಿ ಅಂತ ಬಿಚ್ಚಿ ಹೇಳಿದ್ರು. ಅದನ್ನ ಒಪ್ಪೋದು ಬಿಡೋದು ಓದಿದವರಿಗೆ ಬಿಟ್ಟಿದ್ದು, ಆದ್ರೆ ಮ್ಯಾಡ್ರಿಡ್ ಫ್ಯಾನ್‌ಗಳು ಬಾಯಿಂದ ಬಾಯಿಗೆ ಬರೋ ಗಾಳಿಸುದ್ದಿ ಹಿಡ್ಕೊಂಡು ತಮ್ಮತಮ್ಮಲ್ಲೇ ಜಗಳ ಆಡೋ ಪರಿಸ್ಥಿತಿ ಬರ್ಲಿಲ್ಲ. ನಿಮ್ಮ ಕ್ಲಬ್‌ಗೆ ಪತ್ರ ಬರೆಯೋದಿದ್ರೆ ಇದನ್ನೇ ಕೇಳಿ, ಮ್ಯಾನೇಜರ್‌ನ ವಾಪಸ್ ತನ್ನಿ ಅಂತ ಅಲ್ಲ.