ಅಪ್ಪನ ಕ್ಲಬ್ಬೂ ಮಗನ ಕ್ಲಬ್ಬೂ ಒಂದೇನಾ?

ಓದುಗರ ಪತ್ರ: ಕ್ರೇಗ್ ಯಂಗ್ ಮತ್ತು ಅವರ ಮಗ ಡೀನ್ ಯಂಗ್ ರಗ್ಬಿ ಲೀಗ್‌ನಲ್ಲಿ ಒಂದೇ ಕ್ಲಬ್‌ಗೆ ಆಡಿದವರು ಎಂದು ನಿಮ್ಮ ಕ್ರೀಡಾಪುಟದಲ್ಲಿ ಬರೆದಿದ್ದೀರಿ. ಅಪ್ಪ ಆಡಿದ್ದು ಸಿಡ್ನಿಯ ಸೇಂಟ್ ಜಾರ್ಜ್‌ಗೆ, ಮಗ ಆಡಿದ್ದು ಸೇಂಟ್ ಜಾರ್ಜ್ ಇಲಾವಾರಾಗೆ. ಎರಡೂ ಬೇರೆ ಅಲ್ವಾ? ತಿದ್ದುಪಡಿ ಹಾಕಿ.

ಸಂಪಾದಕರ ಉತ್ತರ:

ಇಷ್ಟು ಗಮನವಿಟ್ಟು ಓದಿದ್ದೀರಿ, ತುಂಬಾ ಸಂತೋಷ. ಕಾಗದದ ಲೆಕ್ಕದಲ್ಲಿ ನಿಮ್ಮ ಮಾತು ಸರಿ. 1998ರಲ್ಲಿ ಸೇಂಟ್ ಜಾರ್ಜ್ ಡ್ರ್ಯಾಗನ್ಸ್ ಮತ್ತು ಇಲಾವಾರಾ ಸ್ಟೀಲರ್ಸ್ ಸೇರಿಕೊಂಡವು. ಜೋಡಿ ಹೆಸರಿನ ತಂಡ ಮೈದಾನಕ್ಕಿಳಿದದ್ದು 1999ರಲ್ಲಿ. ಇದನ್ನು ನಾವು ಹೇಳಬೇಕಿತ್ತು. ಹೇಳದೆ ಬಿಟ್ಟದ್ದು ತಪ್ಪು.

ಆದರೂ 'ಒಂದೇ ಕ್ಲಬ್' ಎಂದದ್ದು ತಪ್ಪು ಅಂತ ನನಗೆ ಅನ್ನಿಸುತ್ತಿಲ್ಲ. ಯಾಕೆ ಅಂತ ಹೇಳುತ್ತೇನೆ.

ಕ್ರೇಗ್ ಯಂಗ್ ಸಿಡ್ನಿ ಹುಡುಗರಲ್ಲ. ಅವರು ಬಂದದ್ದು ದಕ್ಷಿಣಕ್ಕಿರುವ ವೊಲೊಂಗಾಂಗ್ ಕಡೆಯಿಂದ, ಅಂದರೆ ಇಲಾವಾರಾ ಸೀಮೆಯಿಂದಲೇ. ಆಗ ಆ ಸೀಮೆಗೆ ಸಿಡ್ನಿಯ ದೊಡ್ಡ ಸ್ಪರ್ಧೆಯಲ್ಲಿ ಸ್ವಂತ ತಂಡವೇ ಇರಲಿಲ್ಲ. ಸ್ಟೀಲರ್ಸ್ ಸ್ಪರ್ಧೆಗೆ ಸೇರಿದ್ದು 1982ರಲ್ಲಿ. ಅದಕ್ಕೂ ಮುಂಚೆ ಅಲ್ಲಿನ ಒಳ್ಳೆ ಆಟಗಾರ ಮೇಲಕ್ಕೆ ಬರಬೇಕಾದರೆ ಸಿಡ್ನಿಗೆ ಹೋಗಲೇಬೇಕಿತ್ತು. ಕ್ರೇಗ್ ಹೋದರು. ಎರಡು ಊರು ಕಾಗದದ ಮೇಲೆ ಸೇರುವುದಕ್ಕೆ 20 ವರ್ಷ ಮೊದಲೇ ಈ ಮನುಷ್ಯ ಎರಡನ್ನೂ ಸೇರಿಸಿಕೊಂಡು ಆಡುತ್ತಿದ್ದರು.

ಅವರು ಹೋಗಿ ಸೇರಿದ ಮನೆ ಎಂಥದ್ದು ನೋಡಿ. 1956ರಿಂದ 1966ರವರೆಗೆ ಬಿಡದೆ 11 ಸಲ ಪ್ರಶಸ್ತಿ ಗೆದ್ದ ಕ್ಲಬ್ ಅದು. ಆಮೇಲೆ ಬರಗಾಲ. 1977, ಕ್ರೇಗ್ ಅವರ ಮೊದಲ ವರ್ಷ. ಫೈನಲ್‌ನಲ್ಲಿ ಪ್ಯಾರಾಮಾಟಾ ಎದುರು 9-9 ಸಮ. ಮತ್ತೆ ಆಡಿಸಿದಾಗ ಸೇಂಟ್ ಜಾರ್ಜ್ 22-0. ಎರಡೇ ವರ್ಷಕ್ಕೆ, 1979ರಲ್ಲಿ, ಅವರೇ ನಾಯಕ. ಆ ವರ್ಷದ ಫೈನಲ್‌ನಲ್ಲಿ ಕ್ಯಾಂಟರ್ಬರಿ ವಿರುದ್ಧ 17-13ರಲ್ಲಿ ಗೆಲುವು.

ಅವರದ್ದು ಪ್ರಾಪ್ ಜಾಗ. 13 ಜನರ ಈ ಆಟದಲ್ಲಿ ಇದಕ್ಕಿಂತ ಕಷ್ಟದ ಕೆಲಸ ಕಡಿಮೆ. ಚೆಂಡು ಹಿಡಿದು ಎದುರಾಳಿಗಳ ಗೋಡೆಗೇ ನುಗ್ಗಬೇಕು. ಬೀಳಬೇಕು, ಎದ್ದು ಮತ್ತೆ ನುಗ್ಗಬೇಕು. ಆರು ಸಲ ಹಿಡಿದು ಕೆಡವಿದರೆ ಚೆಂಡು ಆ ಕಡೆಗೆ. ಆಗ ಅವರು ನುಗ್ಗುತ್ತಾರೆ, ಇವರು ತಡೆಯಬೇಕು. ಅಂಥ ಜಾಗದಲ್ಲಿ ಕ್ರೇಗ್ 1988ರವರೆಗೆ ನಿಂತರು. ಆಮೇಲೆ ಅದೇ ಕ್ಲಬ್‌ಗೆ ತರಬೇತುದಾರರೂ ಆದರು.

ಡೀನ್ 2003ರಲ್ಲಿ ಬಂದರು. ಅಪ್ಪನ ಹಾಗೆ ಪ್ರಾಪ್ ಅಲ್ಲ. ಹುಕರ್ ಮತ್ತು ಲಾಕ್ ಜಾಗಗಳಲ್ಲಿ ಆಡಿದವರು. 2012ರವರೆಗೂ ಬೇರೆ ಕ್ಲಬ್‌ಗೆ ಹೋಗಲಿಲ್ಲ. ಹೆಸರು ಉದ್ದವಾಗಿತ್ತು ನಿಜ. ಆದರೆ ಬಿಳಿ ಅಂಗಿಯ ಎದೆ ಮೇಲಿನ ಕೆಂಪು 'ವಿ' ಹಾಗೇ ಇತ್ತು. ಸೇಂಟ್ ಜಾರ್ಜ್‌ನ ಹಳೆಯ ಕೊಗರಾ ಮೈದಾನವೂ ಉಳಿದಿತ್ತು, ವೊಲೊಂಗಾಂಗ್ ಮೈದಾನ ಜೊತೆಗೆ ಸೇರಿತ್ತು.

2010ರ ಅಕ್ಟೋಬರ್ 3ರ ಫೈನಲ್ ಬಗ್ಗೆ ಹೇಳದೆ ಇರಲಾರೆ. ಸಿಡ್ನಿ ರೂಸ್ಟರ್ಸ್ ಅರ್ಧ ಆಟಕ್ಕೆ 8-6ರಲ್ಲಿ ಮುಂದಿದ್ದರು. ಉಳಿದರ್ಧದಲ್ಲಿ ಅವರಿಗೆ ಒಂದು ಅಂಕವೂ ಸಿಗಲಿಲ್ಲ. 32-8ರಲ್ಲಿ ಗೆದ್ದದ್ದು ಡ್ರ್ಯಾಗನ್ಸ್, ಅಂದರೆ ಡೀನ್ ಅವರ ಸೇಂಟ್ ಜಾರ್ಜ್ ಇಲಾವಾರಾ. ಅವರು ಗಳಿಸಿದ ಐದು ಟ್ರೈಗಳಲ್ಲಿ (ಎದುರಾಳಿಯ ಗೋಲು ಗೆರೆಯಾಚೆ ಚೆಂಡನ್ನು ನೆಲಕ್ಕೆ ಮುಟ್ಟಿಸುವುದೇ ಟ್ರೈ) ಒಂದು ಡೀನ್ ಯಂಗ್ ಅವರದ್ದು. ಜೋಡಿ ಹೆಸರಿನ ಕ್ಲಬ್‌ಗೆ ಅದು ಮೊದಲ ಪ್ರಶಸ್ತಿ. ಸೇಂಟ್ ಜಾರ್ಜ್ ಅಭಿಮಾನಿಗಳಿಗೆ ಮಾತ್ರ 31 ವರ್ಷದ ಕಾಯುವಿಕೆ ಮುಗಿದ ದಿನ. ಆ 31 ವರ್ಷವನ್ನು ಅವರು ಎಣಿಸಿದ್ದು 1979ರಿಂದ, ಅಂದರೆ ಅಪ್ಪ ನಾಯಕನಾಗಿ ಗೆದ್ದ ವರ್ಷದಿಂದ.

ಎರಡೂ ಬೇರೆ ಕ್ಲಬ್ ಅನ್ನುವುದಾದರೆ ಈ ಎಣಿಕೆಯೇ ಇರುತ್ತಿರಲಿಲ್ಲ, ಅಲ್ವಾ?

ವಿಲೀನದ ಸಂಗತಿಯನ್ನು ಮುಂದಿನ ಸಂಚಿಕೆಯಲ್ಲಿ ಖಂಡಿತ ಸೇರಿಸುತ್ತೇವೆ. 'ಒಂದೇ ಕ್ಲಬ್' ಎಂಬ ಮಾತನ್ನು ಹಾಗೇ ಬಿಡುತ್ತೇವೆ.