ವಿದ್ಯುತ್ ಕಾರಿಗೆ ಒಳ್ಳೆಯ ಸೌಂಡ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನ್ನದು ಟಿಯಾಗೊ ಇವಿ. ಊರೊಳಗೆ ಹಾಡು ಚೆನ್ನಾಗಿ ಕೇಳಿಸುತ್ತದೆ. ಹೈವೇಯಲ್ಲಿ 80 ದಾಟಿದರೆ ಸಾಹಿತ್ಯವೇ ತಿಳಿಯುವುದಿಲ್ಲ, ವಾಲ್ಯೂಮ್ ಏರಿಸಿದರೆ ಬಾಗಿಲು ಗಡಗಡ ಅನ್ನುತ್ತದೆ. ಯಾವ ಸ್ಪೀಕರ್ ಹಾಕಿಸಲಿ?
— ದಾವಣಗೆರೆಯ ಓದುಗರು

ಉತ್ತರ: ಸ್ಪೀಕರಿಗೆ ಈಗಲೇ ದುಡ್ಡು ಹಾಕಬೇಡಿ, ಮೊದಲು ಬಾಗಿಲಿಗೆ ಹಾಕಿ. ಪೆಟ್ರೋಲ್ ಕಾರಿನಲ್ಲಿ ಎಂಜಿನ್ನಿನ ಸದ್ದು ಉಳಿದ ಸದ್ದುಗಳನ್ನು ಅಡಗಿಸಿಡುತ್ತದೆ. ಇವಿಯಲ್ಲಿ ಅದಿಲ್ಲ. ಟೈರಿನ ಮೊರೆತ, ಗಾಳಿಯ ಸುಂಯ್, ಸಡಿಲವಾದ ಕ್ಲಿಪ್ಪಿನ ಕಟಕಟ ಎಲ್ಲವೂ ನೇರ ಕಿವಿಗೇ ಬೀಳುತ್ತವೆ. ಇನ್ನು ಬಾಗಿಲಿನ ಗಡಗಡ. ಸ್ಪೀಕರಿನ ಕೋನ್ ಮುಂದಕ್ಕೆ ಎಷ್ಟು ಗಾಳಿ ತಳ್ಳುತ್ತದೋ ಹಿಂದಕ್ಕೂ ಅಷ್ಟೇ ತಳ್ಳುತ್ತದೆ. ಹಿಂದಿನ ಗಾಳಿ ತೆಳು ತಗಡನ್ನು ಅದುರಿಸುತ್ತದೆ, ಒಳತಗಡಿನ ದೊಡ್ಡ ತೂತುಗಳಿಂದ ಹೊರಬಂದು ಮುಂದಿನ ಬೇಸನ್ನೂ ತಿಂದುಹಾಕುತ್ತದೆ. ಇಂಥ ಬಾಗಿಲಿಗೆ ದುಬಾರಿ ಸ್ಪೀಕರ್ ಕೂರಿಸಿದರೆ ಗಡಗಡ ಇನ್ನೂ ಹೆಚ್ಚುತ್ತದೆ, ಅಷ್ಟೇ.

ಬೇಕಾದದ್ದು 2 ಮಿ.ಮೀ. ದಪ್ಪದ, ಅಲ್ಯೂಮಿನಿಯಂ ಹಾಳೆ ಹೊದಿಸಿದ ಬ್ಯುಟೈಲ್ (ಅಂಟುವ ರಬ್ಬರ್) ಶೀಟ್. ಡೋರ್ ಪ್ಯಾಡ್ ಬಿಚ್ಚಿ, ಪ್ಲಾಸ್ಟಿಕ್ ಶೀಟನ್ನು ಹರಿಯದಂತೆ ಸರಿಸಿ, ಹೊರತಗಡಿನ ಒಳಮೈಯನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ. ಧೂಳು, ಎಣ್ಣೆ ಉಳಿದರೆ ಬೇಸಿಗೆಯಲ್ಲಿ ಶೀಟ್ ಕಳಚಿ ಗಾಜಿನ ಚಾನೆಲ್ಲಿಗೆ ಬೀಳುತ್ತದೆ. ತಗಡನ್ನು ಪೂರ್ತಿ ಮುಚ್ಚಬೇಕಿಲ್ಲ, ಮಧ್ಯದ ಅಗಲ ಜಾಗದಲ್ಲಿ ಮೂರನೇ ಒಂದು ಭಾಗ ಅಂಟಿಸಿದರೆ ಸಾಕು. ಹಾಳೆಯ ಮೇಲಿನ ಉಬ್ಬುಗೆರೆ ಚಪ್ಪಟೆಯಾಗುವವರೆಗೆ ರೋಲರಿನಿಂದ ಒತ್ತಿ. ಬೆರಳಿನ ಗಿಣ್ಣಿನಿಂದ ತಟ್ಟಿ ನೋಡಿ: ಮೊದಲು ಟಣ್ ಅನ್ನುತ್ತಿದ್ದ ತಗಡು ಈಗ ದಬ್ ಅನ್ನಬೇಕು. ಆಮೇಲೆ ಒಳತಗಡಿನ ತೂತುಗಳನ್ನು ಮುಚ್ಚಿ. ಬಾಗಿಲಿನ ತಳದ ನೀರು ಇಳಿಯುವ ರಂಧ್ರಗಳನ್ನು ಮಾತ್ರ ಮುಟ್ಟಬೇಡಿ, ಅವು ಮುಚ್ಚಿದರೆ ಮಳೆನೀರು ನಿಂತು ತಗಡು ತುಕ್ಕು ಹಿಡಿಯುತ್ತದೆ. ಎರಡು ಮುಂಬಾಗಿಲಿಗೆ ಸೇರುವ ತೂಕ ಸುಮಾರು 3 ಕಿಲೋ. ಅಗ್ಗಕ್ಕೆ ಸಿಗುವ ಡಾಂಬರಿನ ಶೀಟ್ ಬೇಡ, ಬಿಸಿಲಲ್ಲಿ ನಿಂತ ಕಾರಿನೊಳಗೆ ಅದು ಕರಗುತ್ತದೆ, ವಾಸನೆಯನ್ನೂ ಬಿಡುತ್ತದೆ.

ಒಂದು ಎಚ್ಚರಿಕೆ. ಕೆಲವು ಕಾರುಗಳ ಮುಂಬಾಗಿಲಿನೊಳಗೆ ಪಕ್ಕದ ಏರ್‌ಬ್ಯಾಗಿಗಾಗಿ ಗಾಳಿಯ ಒತ್ತಡ ಅಳೆಯುವ ಸೆನ್ಸರ್ ಇರುತ್ತದೆ. ಅಂಥ ಸೆನ್ಸರ್ ಕಂಡರೆ ಅದರ ಮೇಲೆ ಏನನ್ನೂ ಅಂಟಿಸಬಾರದು, ಕಂಪನಿ ಕೊಟ್ಟ ಮುಚ್ಚಿಗೆಯನ್ನೂ ಬದಲಿಸಬಾರದು. ಹಳದಿ ಕಪ್ಲರ್ (ತಂತಿಗಳನ್ನು ಜೋಡಿಸುವ ಪ್ಲಗ್) ಯಾವುದೇ ಇರಲಿ, ಅದು ಏರ್‌ಬ್ಯಾಗಿನದು ಎಂದೇ ತಿಳಿದು ದೂರವಿರಿ.

ಇಷ್ಟಾದ ಮೇಲೂ ಟೈರಿನ ಮೊರೆತ ಪೂರ್ತಿ ಹೋಗುವುದಿಲ್ಲ, ಅದರ ಬಹುಪಾಲು ಚಕ್ರದ ಗೂಡು ಮತ್ತು ಡಿಕ್ಕಿಯ ತಳದಿಂದ ಬರುತ್ತದೆ. ಆದರೆ ಇರುವ ಸ್ಪೀಕರಿನಲ್ಲೇ ಬೇಸ್ ಗಟ್ಟಿಯಾಗುತ್ತದೆ. ಒಂದು ತಿಂಗಳು ಕೇಳಿ, ಆಮೇಲೆ ಸ್ಪೀಕರಿನ ಮಾತು. ಕೊಳ್ಳುವಾಗ ಗಾಜನ್ನು ಪೂರ್ತಿ ಇಳಿಸಿ, ಸ್ಪೀಕರ್ ಕೂರುವ ಮುಖದಿಂದ ಗಾಜಿನವರೆಗಿನ ಆಳ ಅಳೆಯಿರಿ. ಸ್ಪೀಕರಿನ ಆಳ ಅದಕ್ಕಿಂತ 5 ಮಿ.ಮೀ.ಯಾದರೂ ಕಡಿಮೆ ಇರಬೇಕು. ಬಾಗಿಲಿಗೂ ಸ್ಪೀಕರಿಗೂ ನಡುವೆ ಹಾಕುವ ರಿಂಗ್ ಗಟ್ಟಿ ಪ್ಲಾಸ್ಟಿಕ್ಕಿನದಿರಲಿ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ರಿಂಗ್ ಒಂದೆರಡು ಮಳೆಗಾಲದಲ್ಲಿ ಉಬ್ಬಿ ಸ್ಕ್ರೂ ಸಡಿಲವಾಗುತ್ತದೆ.

ಪ್ರಶ್ನೆ: ಕಂಪನಿ ಸ್ಟೀರಿಯೊ ತೆಗೆದು ದೊಡ್ಡ ಆಂಡ್ರಾಯ್ಡ್ ಸ್ಕ್ರೀನ್ ಹಾಕಿಕೊಡುತ್ತೇನೆ ಎಂದು ಜೆ.ಸಿ. ರಸ್ತೆಯ ಅಂಗಡಿಯವರು ಹೇಳುತ್ತಿದ್ದಾರೆ. ಹಾಕಿಸಬಹುದೆ?
— ಬೆಂಗಳೂರಿನ ಓದುಗರು

ಉತ್ತರ: ಇವಿಯಲ್ಲಿ ಬೇಡ. ಹಲವು ಮಾಡೆಲ್‌ಗಳಲ್ಲಿ ಎಸಿ, ಹಿಂದಿನ ಕ್ಯಾಮೆರಾ, ಚಾರ್ಜಿಂಗ್ ಸೆಟ್ಟಿಂಗ್ ಎಲ್ಲವೂ ಕಂಪನಿ ಸ್ಕ್ರೀನಿನೊಳಗೇ ಇವೆ. ಸ್ಟೀರಿಯೊವನ್ನು ಹಾಗೇ ಬಿಟ್ಟು, ಸ್ಪೀಕರ್ ತಂತಿಯಿಂದಲೇ ಸಿಗ್ನಲ್ ತೆಗೆದುಕೊಳ್ಳುವ, ಒಳಗೇ ಡಿಎಸ್‌ಪಿ (ಸದ್ದನ್ನು ತಿದ್ದುವ ಡಿಜಿಟಲ್ ಚಿಪ್) ಇರುವ ಆಂಪ್ (ಸಿಗ್ನಲ್ಲಿನ ಬಲ ಹೆಚ್ಚಿಸುವ ಆಂಪ್ಲಿಫೈಯರ್) ಹಾಕಿಸಿ. ಕಂಪನಿ ಸ್ಟೀರಿಯೊಗಳು ವಾಲ್ಯೂಮ್ ಏರಿದಂತೆ ಬೇಸನ್ನು ತಾವೇ ಕಡಿತ ಮಾಡುವುದುಂಟು, ಅದನ್ನು ತಕ್ಕಮಟ್ಟಿಗೆ ಡಿಎಸ್‌ಪಿಯಲ್ಲಿ ಸರಿಪಡಿಸಬಹುದು. ಮೂಲ ತಂತಿ ಕತ್ತರಿಸದೆ, ನಿಮ್ಮ ಮಾಡೆಲ್ಲಿನ ಕಪ್ಲರಿಗೇ ಕೂರುವ ಹಾರ್ನೆಸ್ (ತಂತಿಗಳ ಸಿದ್ಧ ಜೋಡಣೆ) ಸಿಗುತ್ತದೆಯೇ ಎಂದು ಮೊದಲು ಕೇಳಿ. ತಂತಿ ಕತ್ತರಿಸಿ ಟೇಪ್ ಸುತ್ತಿದ್ದು ಕಂಡರೆ ಸರ್ವಿಸ್ ಸೆಂಟರಿನವರು ಎಲೆಕ್ಟ್ರಿಕಲ್ ವಾರಂಟಿ ನಿರಾಕರಿಸಲು ಅದೇ ಕಾರಣ ಸಾಕು.

ಪ್ರಶ್ನೆ: 300 ವ್ಯಾಟಿನ ಆಂಪ್, ಜೊತೆಗೆ ಸಬ್‌ವೂಫರ್ ಹಾಕಿಸಬೇಕೆಂದಿದ್ದೇನೆ. ರೇಂಜ್ ಕಡಿಮೆಯಾಗುತ್ತದೆಯೆ? ದೊಡ್ಡ ಬ್ಯಾಟರಿಯಿಂದ ನೇರವಾಗಿ ಕರೆಂಟ್ ತೆಗೆಯಬಹುದೆ?
— ಕಲಬುರಗಿಯ ಓದುಗರು

ಉತ್ತರ: ಎರಡನೆಯ ಪ್ರಶ್ನೆಗೆ ಮೊದಲು ಉತ್ತರ: ಖಂಡಿತ ಕೂಡದು. ಕಿತ್ತಳೆ ಬಣ್ಣದ ಕೇಬಲ್ ಎಲ್ಲಿ ಕಂಡರೂ ಅದರಲ್ಲಿ ಜೀವ ತೆಗೆಯುವ ವೋಲ್ಟೇಜ್ ಇರುತ್ತದೆ. ಆಂಪಿಗೆ ಕರೆಂಟ್ ಸಿಗುವುದು ಇವಿಯಲ್ಲೂ ಇರುವ ಚಿಕ್ಕ 12 ವೋಲ್ಟ್ ಬ್ಯಾಟರಿಯಿಂದ. ಆಲ್ಟರ್ನೇಟರ್ ಬದಲು ಡಿಸಿ-ಡಿಸಿ ಕನ್ವರ್ಟರ್ ದೊಡ್ಡ ಬ್ಯಾಟರಿಯಿಂದ ಇದನ್ನು ಚಾರ್ಜ್ ಮಾಡುತ್ತಿರುತ್ತದೆ.

ರೇಂಜಿನ ಚಿಂತೆ ಬಿಡಿ. 300 ವ್ಯಾಟಿನ ಆಂಪ್ ಹಾಡಿನುದ್ದಕ್ಕೂ 300 ವ್ಯಾಟ್ ಎಳೆಯುವುದಿಲ್ಲ, ಸಾಧಾರಣ ಜೋರಿನಲ್ಲಿ ಸರಾಸರಿ 60 ವ್ಯಾಟ್ ಅಂದುಕೊಳ್ಳಿ. ಗಂಟೆಗೆ 0.06 ಯೂನಿಟ್. ಚಿಕ್ಕ ಇವಿ ಒಂದು ಕಿ.ಮೀ.ಗೆ 0.12 ಯೂನಿಟ್ ಆಸುಪಾಸು ತಿನ್ನುತ್ತದೆ. ಅಂದರೆ ಗಂಟೆಯ ಸಂಗೀತಕ್ಕೆ ಅರ್ಧ ಕಿ.ಮೀ. ನಿಮ್ಮೂರಿನ ಬೇಸಿಗೆಯಲ್ಲಿ ಎಸಿ ತಿನ್ನುವುದರ ಮುಂದೆ ಇದು ಲೆಕ್ಕಕ್ಕೇ ಬರುವುದಿಲ್ಲ.

ಚಿಂತೆ ಮಾಡಬೇಕಾದದ್ದು ಆ ಚಿಕ್ಕ ಬ್ಯಾಟರಿಯ ಬಗ್ಗೆ. ಅದು ಸತ್ತರೆ ದೊಡ್ಡ ಬ್ಯಾಟರಿಯಲ್ಲಿ 80 ಪರ್ಸೆಂಟ್ ಇದ್ದರೂ ಕಾರು ಎಚ್ಚರವಾಗುವುದಿಲ್ಲ. ದೊಡ್ಡ ಬ್ಯಾಟರಿಯನ್ನು ಜೋಡಿಸುವ ಕಾಂಟ್ಯಾಕ್ಟರನ್ನು (ಭಾರಿ ಸ್ವಿಚ್ಚನ್ನು) ಎಳೆಯುವುದೂ ಈ 12 ವೋಲ್ಟೇ. ಕಾರು ಆಫ್ ಮಾಡಿದ ಮೇಲೂ ಆಂಪ್ ಆನ್ ಆಗಿ ಉಳಿದರೆ, ಹಾಡಿಲ್ಲದೆಯೂ 1 ಆಂಪಿಯರ್ ವರೆಗೆ ಎಳೆಯಬಹುದು. 35 ಆಂಪಿಯರ್-ಅವರ್ ಬ್ಯಾಟರಿಯ ಅರ್ಧ ಶಕ್ತಿ 18 ಗಂಟೆಯೊಳಗೆ ಖಾಲಿ. ಸಂಜೆ ನಿಲ್ಲಿಸಿದ ಕಾರು ಮರುದಿನ ಮಧ್ಯಾಹ್ನದ ಹೊತ್ತಿಗೆ ಕೈಕೊಡುವುದು ಹೀಗೆ. ಅದಕ್ಕೇ ಆಂಪಿನ ರಿಮೋಟ್ ತಂತಿಯನ್ನು (ಆಂಪನ್ನು ಆನ್-ಆಫ್ ಮಾಡುವ ತಂತಿ) ಕಾರು ಆಫ್ ಆದಾಗ ತಾನೂ ಆಫ್ ಆಗುವ ಫ್ಯೂಸಿನಿಂದ, ಫ್ಯೂಸ್ ಟ್ಯಾಪ್ (ಫ್ಯೂಸಿನಿಂದ ಕವಲು ತೆಗೆಯುವ ಕನೆಕ್ಟರ್) ಹಾಕಿ ತೆಗೆಯಿರಿ. ಸ್ಪೀಕರ್ ತಂತಿಯ ವೋಲ್ಟೇಜ್ ನೋಡಿ ತಾನಾಗಿ ಆನ್ ಆಗುವ ವ್ಯವಸ್ಥೆಯೊಂದನ್ನೇ ನಂಬಬೇಡಿ, ಸ್ಟೀರಿಯೊ ಎಚ್ಚರವಾಗಿದ್ದಷ್ಟು ಹೊತ್ತೂ ಆಂಪ್ ಎಚ್ಚರವಿರುತ್ತದೆ. ಕೆಲಸ ಮುಗಿದ ಮೇಲೆ ಕಾರು ಲಾಕ್ ಮಾಡಿ, ಕೀಲಿ ದೂರವಿಟ್ಟು, ಅರ್ಧ ಗಂಟೆ ಬಿಟ್ಟು, ಆಂಪಿಗೆ ಹೋಗುವ ತಂತಿಗೆ ಡಿಸಿ ಕ್ಲ್ಯಾಂಪ್ ಮೀಟರ್ ಹಿಡಿಸಿ. ಹೆಚ್ಚುಕಡಿಮೆ ಸೊನ್ನೆ ತೋರಿಸಬೇಕು. ಆ ರೀಡಿಂಗ್ ನೋಡದೆ ಅಂಗಡಿ ಬಿಡಬೇಡಿ.

ಇನ್ನು ತಂತಿ. 80 ಪರ್ಸೆಂಟ್ ದಕ್ಷತೆಯ ಕ್ಲಾಸ್ ಡಿ ಎಂಬ ಬಗೆಯ ಆಂಪ್ 300 ವ್ಯಾಟ್ ಕೊಡಲು 13.8 ವೋಲ್ಟಿನಲ್ಲಿ ಸುಮಾರು 27 ಆಂಪಿಯರ್ ಬೇಕು. ಇದಕ್ಕೆ 8 ಗೇಜಿನ, ಅಂದರೆ 8.4 ಚದರ ಮಿ.ಮೀ.ನ ಶುದ್ಧ ತಾಮ್ರದ ತಂತಿ ಸಾಕು, 5 ಮೀಟರಿಗೆ ನಷ್ಟ 0.3 ವೋಲ್ಟಿನೊಳಗೆ ಇರುತ್ತದೆ. ಅಗ್ಗದ ಕಿಟ್‌ಗಳಲ್ಲಿ ಅಲ್ಯೂಮಿನಿಯಮ್ಮಿಗೆ ತಾಮ್ರದ ಲೇಪ ಕೊಟ್ಟ ತಂತಿ ಬರುತ್ತದೆ. ತುದಿಯನ್ನು ಚಾಕುವಿನಿಂದ ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ, ಅದನ್ನು ಹಿಂದಿರುಗಿಸಿ. 40 ಆಂಪಿಯರ್ ಫ್ಯೂಸ್ ಬ್ಯಾಟರಿಯಿಂದ 45 ಸೆಂ.ಮೀ. ಒಳಗೇ ಇರಬೇಕು. ಆ ಫ್ಯೂಸ್ ಕಾಯುವುದು ತಂತಿಯನ್ನು. ಆಂಪಿನ ಹತ್ತಿರ ಹಾಕಿದರೆ, ದಾರಿಯಲ್ಲಿ ಎಲ್ಲೋ ಉಜ್ಜಿ ತಗಡಿಗೆ ತಾಗಿದ ತಂತಿ ಹೊತ್ತಿಕೊಳ್ಳುವುದನ್ನು ಅದು ತಡೆಯುವುದಿಲ್ಲ.

ಅರ್ತ್ ತಂತಿಯನ್ನು ಬ್ಯಾಟರಿಯ ಮೈನಸ್ ಟರ್ಮಿನಲ್ಲಿಗೆ ಕಟ್ಟಬೇಡಿ. ಅಲ್ಲಿ ಬ್ಯಾಟರಿ ಸೆನ್ಸರ್ ಇದ್ದರೆ ಆಂಪ್ ಎಳೆದ ಕರೆಂಟ್ ಅದರ ಲೆಕ್ಕಕ್ಕೆ ಸಿಗುವುದಿಲ್ಲ. ಬಾಡಿಯಲ್ಲಿ ಈಗಾಗಲೇ ಇರುವ ಅರ್ತ್ ಬೋಲ್ಟನ್ನೇ ಬಳಸಿ. ಹೊಸದಾಗಿ ನೆಲಕ್ಕೆ ಡ್ರಿಲ್ ಹಾಕುವುದಂತೂ ಬೇಡವೇ ಬೇಡ. ಬಹುತೇಕ ಇವಿಗಳಲ್ಲಿ ನಿಮ್ಮ ಕಾಲಿನ ಕೆಳಗಿರುವುದೇ ದೊಡ್ಡ ಬ್ಯಾಟರಿ. ಸೀಟಿನಡಿಯ ಸಬ್‌ವೂಫರನ್ನು ಉದ್ದ ಸ್ಕ್ರೂ ಹಾಕಿ ನೆಲಕ್ಕೆ ಬಿಗಿಯುವ ಹಳೆಯ ಅಭ್ಯಾಸ ಇಲ್ಲಿ ಅಪಾಯ. ಸೀಟಿನ ಬೋಲ್ಟಿಗೆ ಬ್ರ್ಯಾಕೆಟ್ ಕಟ್ಟಿ, ಇಲ್ಲವೇ ವೆಲ್ಕ್ರೊ ಪಟ್ಟಿಯಲ್ಲಿ ಹಿಡಿಸಿ.

ಪ್ರಶ್ನೆ: ಆಂಪ್ ಹಾಕಿಸಿದ ಮೇಲೆ ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಸ್ಪೀಕರಿನಲ್ಲಿ ಕೀಯ್ ಎಂಬ ಸದ್ದು ಬರುತ್ತಿದೆ.
— ಶಿವಮೊಗ್ಗದ ಓದುಗರು

ಉತ್ತರ: ಮೋಟಾರಿಗೆ ಕರೆಂಟ್ ಕೊಡುವ ಇನ್ವರ್ಟರ್ ಸೆಕೆಂಡಿಗೆ ಸಾವಿರಾರು ಸಲ ಆನ್-ಆಫ್ ಆಗುತ್ತದೆ. ಆ ಗದ್ದಲ ಎಲ್ಲಿಂದಲೋ ನಿಮ್ಮ ತಂತಿಗೆ ನುಸುಳಿದೆ. ಎಲ್ಲಿಂದ ಎಂದು ಹುಡುಕಲು ಆಂಪಿನ ಸಿಗ್ನಲ್ ಕೇಬಲ್ ಕಿತ್ತು, ಒಬ್ಬರು ಓಡಿಸುವಾಗ ಇನ್ನೊಬ್ಬರು ಕೇಳಿ. ಸದ್ದು ಹೋದರೆ ತಪ್ಪು ಸಿಗ್ನಲ್ ಕೇಬಲಿನ ದಾರಿಯಲ್ಲಿದೆ: ಅದು ಪವರ್ ತಂತಿಯ ಜೊತೆಗೇ ಓಡಿದೆ, ಇಲ್ಲವೇ ಕಿತ್ತಳೆ ಕೇಬಲ್ ಹಾದಿರುವ ಕಡೆ ಸಾಗಿದೆ. ಪವರ್ ಒಂದು ಪಕ್ಕ, ಸಿಗ್ನಲ್ ಇನ್ನೊಂದು ಪಕ್ಕ ಎಳೆಸಿ, ದಾಟಲೇಬೇಕಾದಲ್ಲಿ ನೇರ ಅಡ್ಡಲಾಗಿ ದಾಟಿಸಿ. ಕಿತ್ತ ಮೇಲೂ ಸದ್ದು ಇದ್ದರೆ ಅರ್ತ್ ನೋಡಿ. ಬಣ್ಣದ ಮೇಲೆಯೇ ಲಗ್ (ತಂತಿಯ ತುದಿಯ ಲೋಹದ ಬಳೆ) ಬಿಗಿದಿರುತ್ತಾರೆ. ಹೊಳೆಯುವ ಲೋಹ ಕಾಣುವವರೆಗೆ ಕೆರೆದು, ಹಲ್ಲಿನ ವಾಷರ್ ಹಾಕಿ ಬಿಗಿಯಿರಿ, ಮೇಲೆ ತುಕ್ಕು ತಡೆಯಲು ಗ್ರೀಸ್ ಸವರಿ. ಜೋರಾಗಿ ಹಾಡು ಹಾಕಿ ಆಂಪಿನ ಅರ್ತ್ ಟರ್ಮಿನಲ್ಲಿಗೂ ಬಾಡಿಯ ಬೇರೊಂದು ಅರ್ತ್ ಬೋಲ್ಟಿಗೂ ನಡುವೆ ಅಳೆದರೆ 0.1 ವೋಲ್ಟಿಗಿಂತ ಕಡಿಮೆ ಇರಬೇಕು.

ಪ್ರಶ್ನೆ: ಹೊಸ ಇವಿಯಲ್ಲಿ ಆಕಾಶವಾಣಿ ಧಾರವಾಡ ಬರುತ್ತಲೇ ಇಲ್ಲ. ಒಳ್ಳೆಯ ಆಂಟೆನಾ ಹಾಕಿದರೆ ಸರಿಹೋಗುತ್ತದೆಯೆ?
— ಗದಗಿನ ಓದುಗರು

ಉತ್ತರ: ಧಾರವಾಡ ಬರುವುದು ಮೀಡಿಯಂ ವೇವ್ 765 ಕಿಲೋಹರ್ಟ್ಸಿನಲ್ಲಿ. ಇನ್ವರ್ಟರಿನ ಗದ್ದಲ ಬೀಳುವುದೂ ಅದೇ ತರಂಗಪಟ್ಟಿಯಲ್ಲಿ. ಆ ಕಾರಣಕ್ಕೆ ಹಲವು ಇವಿ ತಯಾರಕರು ಎಎಂ (ಮೀಡಿಯಂ ವೇವ್ ರೇಡಿಯೊ) ಅನ್ನೇ ಕೈಬಿಟ್ಟಿದ್ದಾರೆ, ಆಂಟೆನಾದಿಂದ ಪ್ರಯೋಜನವಿಲ್ಲ. ಆಕಾಶವಾಣಿಯ ನ್ಯೂಸ್ಆನ್‌ಏರ್ ಆ್ಯಪನ್ನು ಫೋನಿನಲ್ಲಿ ಹಾಕಿ ಕಾರಿಗೆ ಜೋಡಿಸಿಕೊಳ್ಳಿ. ಎಫ್‌ಎಂ ಕೂಡ ಗರಗರ ಎನ್ನುತ್ತಿದ್ದರೆ ಅಗ್ಗದ ಯುಎಸ್‌ಬಿ ಚಾರ್ಜರ್ ಮತ್ತು ಡ್ಯಾಶ್‌ಕ್ಯಾಮ್ ಕಿತ್ತು ನೋಡಿ, ಬಹಳ ಸಲ ಅಪರಾಧಿ ಅವೇ.

ಪ್ರಶ್ನೆ: ಎಲ್ಲ ಹಾಕಿಸಿ ಆಯಿತು. ಆದರೂ ಹಾಡುವವರು ಬಲಬಾಗಿಲಿನೊಳಗೆ ಕೂತಂತೆ ಕೇಳುತ್ತದೆ, ಜೋರು ಮಾಡಿದರೆ ಕರ್ಕಶ.
— ಮಂಗಳೂರಿನ ಓದುಗರು

ಉತ್ತರ: ಕರ್ಕಶಕ್ಕೆ ಕಾರಣ ಆಂಪಿನ ಗೇನ್ (ಒಳಬರುವ ಸಿಗ್ನಲನ್ನು ಎಷ್ಟು ಹಿಗ್ಗಿಸಬೇಕೆಂಬ ಸೆಟ್ಟಿಂಗ್) ಅತಿಯಾಗಿರುವುದು. ಸ್ಟೀರಿಯೊದಲ್ಲಿ ಬೇಸ್, ಟ್ರೆಬಲ್ ಸೊನ್ನೆಗಿಡಿ, ವೇಗಕ್ಕೆ ತಕ್ಕಂತೆ ವಾಲ್ಯೂಮ್ ಏರುವ ಸೆಟ್ಟಿಂಗ್ ಆಫ್ ಮಾಡಿ. ಸ್ಪೀಕರ್ ತಂತಿ ಬಿಚ್ಚಿ, 0 ಡೆಸಿಬೆಲ್ಲಿನ (ಅಂದರೆ ರೆಕಾರ್ಡಿಂಗಿನ ಗರಿಷ್ಠ ಮಟ್ಟದ) 1 ಕಿಲೋಹರ್ಟ್ಸ್ ಟೋನ್, ಅಂದರೆ ಒಂದೇ ಸ್ವರದ ಪರೀಕ್ಷಾ ಸದ್ದು, ಹಾಕಿ, ವಾಲ್ಯೂಮ್ ಮುಕ್ಕಾಲಿಗಿಟ್ಟು ಆಂಪಿನ ಔಟ್‌ಪುಟ್ಟನ್ನು ಮಲ್ಟಿಮೀಟರಿನ ಎಸಿ ವೋಲ್ಟಿನಲ್ಲಿ ಅಳೆಯಿರಿ. 4 ಓಮ್ ಸ್ಪೀಕರಿಗೆ 50 ವ್ಯಾಟ್ ಎಂದರೆ 14.1 ವೋಲ್ಟ್. ಅಲ್ಲಿಗೆ ಗೇನ್ ನಿಲ್ಲಿಸಿ. ಸಬ್‌ವೂಫರಿಗೆ 50 ಹರ್ಟ್ಸ್ ಟೋನ್ ಬಳಸಿ. 4 ಓಮಿಗೆ 150 ವ್ಯಾಟ್ ಆದರೆ 24.5 ವೋಲ್ಟ್. ಮುಂಬಾಗಿಲಿನ ಸ್ಪೀಕರಿಗೆ 80 ಹರ್ಟ್ಸಿನ ಕೆಳಗಿನದನ್ನು ಕೊಡಬೇಡಿ, ಅದು ಸಬ್‌ವೂಫರಿನ ಕೆಲಸ.

ಹಾಡು ಬಲಕ್ಕೆ ಎಳೆಯುವುದು ಬಲಸ್ಪೀಕರ್ ನಿಮಗೆ ಹತ್ತಿರವಿರುವುದರಿಂದ. ತಲೆ ಇರುವ ಜಾಗದಿಂದ ಎರಡೂ ಸ್ಪೀಕರಿಗೆ ಟೇಪ್ ಹಿಡಿಯಿರಿ. ಬಲ 90 ಸೆಂ.ಮೀ., ಎಡ 140 ಬಂದರೆ ವ್ಯತ್ಯಾಸ 50. ಸದ್ದು 1 ಮಿಲಿಸೆಕೆಂಡಿಗೆ ಸುಮಾರು 34 ಸೆಂ.ಮೀ. ಸಾಗುತ್ತದೆ, ಹಾಗಾಗಿ ಡಿಎಸ್‌ಪಿಯಲ್ಲಿ ಬಲಕ್ಕೆ 1.46 ಮಿಲಿಸೆಕೆಂಡ್ ತಡ ಕೊಡಿ. ಹಾಡುವವರು ಡ್ಯಾಶ್‌ಬೋರ್ಡಿನ ನಡುವಿಗೆ ಬರಬೇಕು. ಬಾರದೆ ದನಿ ಚದುರಿ, ಬೇಸ್ ತೆಳುವಾಗಿಯೇ ಉಳಿದರೆ ಒಂದು ಸ್ಪೀಕರಿನ ಪ್ಲಸ್-ಮೈನಸ್ ಅದಲುಬದಲಾಗಿದೆ. ಆಂಪಿನ ಕಡೆಯಿಂದ ತಂತಿ ಬಿಚ್ಚಿ 1.5 ವೋಲ್ಟಿನ ಪೆನ್ಸಿಲ್ ಸೆಲ್ ತಾಗಿಸಿ: ಸೆಲ್ಲಿನ ಪ್ಲಸ್ಸು ಸ್ಪೀಕರಿನ ಪ್ಲಸ್ಸಿಗೆ ಬಿದ್ದರೆ ವೂಫರ್ ಕೋನ್ ಹೊರಕ್ಕೆ ಜಿಗಿಯುತ್ತದೆ, ತಿರುಗಾಮುರುಗಾ ಆಗಿದ್ದರೆ ಒಳಕ್ಕೆ. ಎತ್ತರದ ಸ್ವರಗಳ ಚಿಕ್ಕ ಸ್ಪೀಕರ್ ಆದ ಟ್ವೀಟರಿನಲ್ಲಿ ಇದು ಕಣ್ಣಿಗೆ ಕಾಣುವುದಿಲ್ಲ, ಅಲ್ಲಿ ತಂತಿಯ ಬಣ್ಣ ನೋಡಿಯೇ ಜೋಡಿಸಬೇಕು.